ಮಾವನವರ ಶಾರ್ಟ್‌ಕಟ್ಟುಗಳು

ನಮ್ಮ ಮಾವನವರಿಗೆ ಕಂಪ್ಯೂಟರ್ ಬರದಿದ್ದರೆ ನಾನು ಎಷ್ಟು ಸುಖವಾಗಿರುತ್ತಿದ್ದೆ! ಬೇರೆಯವರ ಮನೆಯ ಮಾವಂದಿರು ಸೊಸೆಯ ಲ್ಯಾಪ್‌ಟಾಪನ್ನು ದೂರದಿಂದಲೇ ನೋಡಿ, "ಅದೇನೋ ಟಕಟಕ ಅನ್ನಿಸ್ತಾಳಪ್ಪ" ಎಂದು ಎಲೆಯಡಿಕೆ ಹಾಕಿಕೊಂಡು ಸುಮ್ಮನಾಗುತ್ತಾರೆ. ನನಗೆ ಸಿಕ್ಕವರು ಅಂಥವರಲ್ಲ. ಕಡೂರು ಬಸ್ ಸ್ಟ್ಯಾಂಡಿನ ಪಕ್ಕ ವರ್ಷಾನುಗಟ್ಟಲೆ ಡಿಟಿಪಿ ಅಂಗಡಿ ನಡೆಸಿ, ಅರ್ಧ ತಾಲ್ಲೂಕಿನ ಲಗ್ನಪತ್ರಿಕೆ ಟೈಪ್ ಮಾಡಿದವರು. ಈಗ ಅಂಗಡಿ ಮುಚ್ಚಿ, ಯಗಟಿಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದಾರೆ ಎಂಬುದು ಹೆಸರಿಗೆ ಮಾತ್ರ. ನೋಡಿಕೊಳ್ಳುತ್ತಿರುವುದು ನನ್ನ ವಿಂಡೋಸನ್ನು!

ನಾನು ಪ್ರೋಗ್ರಾಮರ್. ಮನೆಯಲ್ಲೇ ಕೂತು ಒಂದು ಕಂಪನಿಗೆ ಕೋಡ್ ಬರೆಯುತ್ತೇನೆ. ಆಗಿನ್ನೂ ಕೆಲಸ ಖಾಯಂ ಆಗಿರಲಿಲ್ಲ. ನಾನು ಮಾಡಿದ ಪ್ರೋಗ್ರಾಮನ್ನು ಮೇಲಿನವರ ಮುಂದೆ ಒಮ್ಮೆ ಓಡಿಸಿ ತೋರಿಸಬೇಕು. ಅವರು ಹೂಂ ಅಂದರೆ ಕೆಲಸ, ಊಹೂಂ ಅಂದರೆ ಮನೆಗೆ. ಹೇಗೂ ಮನೆಯಲ್ಲೇ ಇದ್ದೀಯಲ್ಲ ಎಂದು ತಮಾಷೆ ಮಾಡಬೇಡಿ, ನನಗೆ ಮೈ ಉರಿಯುತ್ತದೆ. ಮದುವೆಯಾಗಿ ತರೀಕೆರೆಯಿಂದ ಇಲ್ಲಿಗೆ ಬಂದಾಗಿನಿಂದ ಅಂಥದೊಂದು ಕೆಲಸಕ್ಕೆ ಬಾಯಿಬಾಯಿ ಬಿಟ್ಟಿದ್ದೆ.

ಮಾವನವರ ಮೊದಲ ಕಾಯಿಲೆ ಕಂಟ್ರೋಲ್-ಎಸ್. ಹಿಂದೆಂದೋ ಕರೆಂಟು ಹೋಗಿ, ಸೇವ್ ಮಾಡದ ಲಗ್ನಪತ್ರಿಕೆಯೊಂದು ಮಾಯವಾಯಿತಂತೆ. ಗಂಡಿನ ಕಡೆಯವರು ಎದುರಿಗೇ ಕೂತಿದ್ದರಂತೆ! ಅಂದಿನಿಂದ, ಯಾರ ಕಂಪ್ಯೂಟರೇ ಇರಲಿ, ಪಕ್ಕದಲ್ಲಿ ಹಾದುಹೋದರೆ ಕೈ ಚಾಚಿ ಸೇವ್ ಒತ್ತಿಯೇ ಮುಂದಕ್ಕೆ ಹೋಗುವುದು. ನಾನೋ, ಸೇವ್ ಆದ ಕೂಡಲೇ ಪ್ರೋಗ್ರಾಂ ತಾನಾಗಿ ಓಡುವಂತೆ ಇಟ್ಟುಕೊಂಡಿದ್ದೇನೆ. ಅರ್ಧ ಸಾಲು ಬರೆದಿರುವಾಗ ಇವರು ಒತ್ತಿದರೆ ಏನಾಗಬೇಕು? ಸ್ಕ್ರೀನ್ ತುಂಬ ಕೆಂಪು ಅಕ್ಷರ!

"ಮಾವ, ಇದ್ರಲ್ಲಿ ಬ್ಯಾಟರಿ ಇದೆ. ಕರೆಂಟ್ ಹೋದ್ರೂ ಏನೂ ಆಗಲ್ಲ."

"ನಾನೂ ಗಿರಾಕಿಗಳ್ಗೆ ಹಿಂಗೇ ಧೈರ್ಯ ಹೇಳ್ತಿದ್ದೆ ಕಣಮ್ಮ" ಎಂದು ಇನ್ನೊಂದು ಸಲ ಒತ್ತಿ ಹೊರಟರು.

ಎರಡನೆಯದು ವಿಂಡೋಸ್-ಎಲ್. ಎದ್ದು ಹೋಗುವಾಗ ಕಂಪ್ಯೂಟರಿಗೆ ಬೀಗ ಹಾಕಬೇಕು ಎಂಬುದು ಒಳ್ಳೆಯ ಪಾಠವೇ, ನೀವೂ ಕಲಿಯಿರಿ. ಆದರೆ ಕುಕ್ಕರ್ ಆರಿಸಲು ಎದ್ದರೂ ಬೀಗವೇ? ಮನೆಯವರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಉಳಿಯುವವರು ನಾನು, ಅತ್ತೆ, ಮಾವ. ಅತ್ತೆ ಅದರ ಧೂಳು ಒರೆಸಲೂ ಹೆದರುತ್ತಾರೆ.

"ಇಲ್ಲಿ ಯಾರು ಮಾವ ಕದಿಯೋರು?"

"ಬಾಗ್ಲು ತೆಗ್ದಿಟ್ಟು, ಕಳ್ಳ ಯಾರು ಅಂತ ಕೇಳ್ತಾರೇನಮ್ಮ?"

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ನಿಮ್ ಬಾಯಿಗೆ ಬೀಗ ಹಾಕೋ ಬಟನ್ ಐತೇನ್ರೀ ಅದ್ರಲ್ಲಿ?"

ಇವೆರಡನ್ನೂ ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಟಾಸ್ಕ್ ಮ್ಯಾನೇಜರ್. ಕಂಪ್ಯೂಟರಿನೊಳಗೆ ಏನೇನು ಓಡುತ್ತಿದೆ, ಯಾವುದು ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ತೋರಿಸುವ ಜಾಗ ಅದು. ಮಾವನವರು ಕಂಟ್ರೋಲ್-ಶಿಫ್ಟ್-ಎಸ್ಕೇಪ್ ಒತ್ತಿ, ಕನ್ನಡಕ ಏರಿಸಿ, ಪಂಕ್ತಿಯಲ್ಲಿ ಕೂತ ಕರೆಯದ ನೆಂಟರನ್ನು ನೋಡಿದಂತೆ ಒಂದೊಂದನ್ನೇ ದುರುಗುಟ್ಟುತ್ತಾರೆ.

"ಇವನ್ಯಾರಮ್ಮ, ಕೆಲ್ಸ ಇಲ್ದೆ ಕೂತ್ಕಂಡು ಇಷ್ಟೊಂದು ತಿಂತಾವ್ನೆ?"

ಮೇಲಿನವರಿಗೆ ತೋರಿಸುವ ಹಿಂದಿನ ದಿನ, ಅಭ್ಯಾಸಕ್ಕೆಂದು ಎಲ್ಲವನ್ನೂ ಓಡಿಸಿಟ್ಟು, ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋಗಿದ್ದೆ. ಬಂದು ನೋಡಿದರೆ, ಪ್ರೋಗ್ರಾಮಿಗೆ ಬೇಕಾದ ಮಾಹಿತಿಯನ್ನೆಲ್ಲ ಒದಗಿಸುವ ಡೇಟಾಬೇಸೇ ಓಡುತ್ತಿಲ್ಲ!

"ಎಬ್ಬಿಸಿ ಕಳಿಸ್ಬಿಟ್ಟೆ ಕಣಮ್ಮ ಅವನ್ನ. ಈಗ ನೋಡು, ಎಷ್ಟು ಹಗುರಾಗೈತೆ!"

ಹಗುರಾಗದೆ ಇನ್ನೇನು? ಕರುಳು ಕಿತ್ತು ಹೊರಗಿಟ್ಟರೆ ನಾನೂ ಹಗುರಾಗುತ್ತೇನೆ! ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಮಾವ, ನಾಳೆ ಕೆಲ್ಸ ಉಳಿಯುತ್ತೋ ಹೋಗುತ್ತೋ ಅಂತ ನಂಗೆ ಜೀವ ಬಾಯಿಗೆ ಬಂದಿದೆ. ಕೈ ಮುಗೀತೀನಿ, ಏನನ್ನೂ ಮುಟ್ಬೇಡಿ!" ಎಂದು ಕೂಗಿಯೇಬಿಟ್ಟೆ. ಮಾವನವರು ಟವಲ್ಲು ಹೆಗಲಿಗೆ ಹಾಕಿಕೊಂಡು, ಸೇವ್ ಕೂಡ ಒತ್ತದೆ, ತೋಟದ ಕಡೆ ಹೋದರು.

ಅವರನ್ನೇನೋ ತಡೆದೆ, ಹಿಂದಿನ ಬೀದಿಯ ಫ್ಲೋರ್ ಮಿಲ್ಲನ್ನು ತಡೆಯುವವರು ಯಾರು? ಅದು ತಿರುಗಿತೆಂದರೆ ನಮ್ಮ ಮನೆಯ ಲೈಟು ಮಂಕಾಗುತ್ತದೆ, ಇಂಟರ್ನೆಟ್ ಡಬ್ಬಿ ಕಣ್ಣು ಮುಚ್ಚುತ್ತದೆ. ಕಂಪನಿಯವರು ಕೊಟ್ಟ ಹೊತ್ತೂ ಸರಿಯಾಗಿ ರಾಗಿ ಬೀಸುವ ಹೊತ್ತೇ! ಮರುದಿನ ಇದ್ದಬದ್ದ ದೇವರಿಗೆಲ್ಲ ಹೇಳಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತೆ. ಪ್ರೋಗ್ರಾಂ ಓಡಿತು. ಅವರು ಕೇಳಿದರು, ನಾನು ಹೇಳಿದೆ, ಅವರು ಮತ್ತೆ ಕೇಳಿದರು. ಲೈಟು ಮಿಣುಕಲೂ ಇಲ್ಲ. ಕೊನೆಗೆ ಮ್ಯಾನೇಜರು, "ಇನ್ನು ನೀವು ನಮ್ಮವರು, ಖಾಯಂ ಮಾಡ್ತಿದ್ದೀವಿ" ಎಂದರು.

ಅಡುಗೆಮನೆಗೆ ಓಡಿದೆ. ಅತ್ತೆ ನನ್ನ ಕೆನ್ನೆ ಸವರಿ ನೆಟಿಕೆ ಮುರಿದು, "ಮೊದ್ಲು ಹೋಗಿ ನಿಮ್ ಮಾವನ್ನ ಕರ್ಕಂಡ್ ಬಾರವ್ವ. ಮಿಲ್ಲಿನ ಹತ್ರ ಹೆಂಗಸರ ಕೈಲಿ ಬೈಸ್ಕಂತಾ ನಿಂತವ್ರಂತೆ" ಎಂದರು.

ಹೋದೆ. ಮಿಲ್ಲಿನ ಬಾಗಿಲಲ್ಲಿ ರಾಗಿ ಚೀಲಗಳು ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ಎಳನೀರು ಬುರುಡೆಗಳ ರಾಶಿ. ಕಾದವರ ಬಾಯಾರಿಕೆಗೆ, ಬಾಯಿ ಮುಚ್ಚಿಸಲಿಕ್ಕೂ ಇರಬೇಕು, ತೋಟದಿಂದ ತಂದು ಕೊಚ್ಚಿಕೊಟ್ಟಿದ್ದರು. ಒಳಗೆ ಮಾವನವರು ಮೇನ್ ಸ್ವಿಚ್ಚಿಗೆ ಅಡ್ಡವಾಗಿ ನಿಂತಿದ್ದರು. ಅಂಗಿಯೆಲ್ಲ ಬೆವರು.

"ಎಷ್ಟೊತ್ತು ಯಜಮಾನ್ರೇ? ಸಂಜೆಗೆ ಮುದ್ದೆ ಯಾವ್ದ್ರಲ್ಲಿ ಕಟ್ಟದು?" ಎಂದು ಒಬ್ಬಾಕೆ ರೇಗುತ್ತಿದ್ದಳು.

"ಒಂಚೂರು ತಡ್ಕಳವ್ವ. ನಮ್ ಹುಡ್ಗಿ ಪಾಪ ಭಾಳ ಕಷ್ಟಪಟ್ಟೈತೆ. ನೀವೆಲ್ಲ ಬೈಯೋದು ನನ್ನ ಬೈರಿ."

ಅಷ್ಟರಲ್ಲಿ ನನ್ನನ್ನು ಕಂಡರು. ಕೆಲಸ ಏನಾಯಿತೆಂದು ಕೇಳಲು ಅವರಿಗೆ ಧೈರ್ಯ ಬರಲಿಲ್ಲವೋ ಏನೋ. ಈ ಜನ್ಮದಲ್ಲಿ ಯಾರನ್ನೂ ಕೇಳಿ ಒಂದು ಬಟನ್ ಒತ್ತಿದವರಲ್ಲ; ಸ್ವಿಚ್ಚಿನ ಮೇಲೆ ಕೈಯಿಟ್ಟು, ನನ್ನ ಮುಖವನ್ನೇ ನೋಡುತ್ತಾ, "ಹಾಕ್ಲೇನಮ್ಮ?" ಎಂದರು.

"ಹಾಕಿ ಮಾವ, ಕೆಲ್ಸ ಉಳೀತು" ಎನ್ನುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು.