ಕ್ಯಾಂಪಿನ ಬೀಗ ಮತ್ತು ಅತ್ತೆಯವರ ಊಟ

ಬೀಗವೆಂದರೆ ಕಬ್ಬಿಣದ ಒಂದು ಡಬ್ಬಿ, ಡಬ್ಬಿಯೊಳಗೆ ಕಬ್ಬಿಣದ ಕೆಲವು ತುಂಡು. ಅದರಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇಲ್ಲ ಎಂಬುದು ನನ್ನ ತಿಳುವಳಿಕೆಯಾಗಿತ್ತು. ತವರಿನಲ್ಲಿದ್ದಾಗ ಬಾವಿಯ ಗಡಗಡಿ ಕಿರುಗುಟ್ಟಿದರೆ ಎಣ್ಣೆ ಹಾಕಿ ಸುಮ್ಮನಾಗಿಸುತ್ತಿದ್ದವಳು ನಾನು. ಅಪ್ಪನ ಅಂಗಡಿಯ ತಕ್ಕಡಿ ಒಂದು ಕಡೆ ವಾಲಿದಾಗ ಸರಿ ಮಾಡಿದವಳೂ ನಾನೇ. ಆಮೇಲೆ ಅದು ಇನ್ನೊಂದು ಕಡೆ ವಾಲುತ್ತಿತ್ತೆಂದು ಅಣ್ಣ ಹೇಳುತ್ತಿದ್ದ. ಅವನಿಗೆ ನನ್ನ ಮೇಲೆ ಮೊದಲಿನಿಂದಲೂ ಹೊಟ್ಟೆಕಿಚ್ಚು.

ಗಂಡನ ಮನೆಯವರದು ಬೆಳಗಾವಿಯಲ್ಲಿ ಹಿತ್ತಾಳೆ ತಾಮ್ರದ ಭಾಂಡೆ ಅಂಗಡಿ. ಖಾನಾಪುರದಲ್ಲೂ ಒಂದು ಅಂಗಡಿ ತೆರೆದು ಅದನ್ನು ನನ್ನ ಯಜಮಾನರಿಗೆ ವಹಿಸಿದರು. ನಾವಿಬ್ಬರೇ ಬೇರೆ ಮನೆ ಮಾಡಬೇಕಾಯಿತು. ಅತ್ತೆಯವರು ಇದಕ್ಕೆ ಒಪ್ಪಿದ್ದು ಕರಾರಿನ ಮೇಲೆ.

"ಮಳಿಗಾಲ ಮುಗೀಲಿ. ಆಮ್ಯಾಲೆ ನಾ ಬಂದು ಒಂದ್ ಊಟಾ ಮಾಡಿ ನೋಡತೀನಿ," ಎಂದಿದ್ದರು ಮಗನಿಗೆ. "ಪದ್ಮಾಗ ಮನಿ ನಡಸಾಕ ಬಂದ್ರ ಇರ್ರಿ. ಇಲ್ಲಾಂದ್ರ ಇಬ್ರೂ ತಿರುಗಿ ಬರ್ರಿ. ಅಂಗಡಿಗೆ ಸಣ್ಣಾಂವನ ಕಳಸೂಣು."

ಪದ್ಮಾ ಎಂದರೆ ನಾನು. ನನಗೆ ಆ ಮನೆ ಬೇಕಾಗಿತ್ತು. ಬೆಳಗಾವಿಯ ಮನೆಯಲ್ಲಿ ಸೊಸೆಯಾದವಳು ಸಾರಿಗೆ ಒಗ್ಗರಣೆ ಹಾಕುವ ಮೊದಲೂ ಒಮ್ಮೆ ಹಿಂದಿರುಗಿ ನೋಡಬೇಕು. ಖಾನಾಪುರದಲ್ಲಿ ಹಿಂದೆ ಯಾರೂ ನಿಂತಿರುತ್ತಿರಲಿಲ್ಲ. ಕೆಲಸ ಮಾಡುತ್ತ ಹಾಡು ಹೇಳಬಹುದಿತ್ತು, ಹೇಳುತ್ತಿದ್ದೆ. ಕೇಳಿದ ಯಜಮಾನರು ಅಂಗಡಿಗೆ ಬೇಗ ಹೋಗುತ್ತಿದ್ದರು. ಅಂತೂ ಸುಖವಾಗಿದ್ದೆವು.

ಆ ಮನೆಯಲ್ಲಿ ಕುಂದು ಇದ್ದದ್ದು ಹಿಂದಿನ ಬಾಗಿಲಿಗೆ ಮಾತ್ರ. ಲಡಾಯಿ ಮುಗಿದ ಮೇಲೆ ಬೆಳಗಾವಿಯ ದಂಡಿನ ಕ್ಯಾಂಪಿನ ಸಾಹೇಬನೊಬ್ಬ ವಿಲಾಯತಿಗೆ ಹೊರಡುವಾಗ ಬಂಗಲೆಯ ಸಾಮಾನನ್ನು ಲಿಲಾವಿಗೆ ಹಾಕಿದ್ದ. ಮಂದಿ ಸವಾಲು ಕೂಗಿ ಕುರ್ಚಿ ತಂದರು, ಕನ್ನಡಿ ತಂದರು. ನನ್ನ ಯಜಮಾನರು ಬಾಗಿಲು ತಂದರು. ಎರಡು ಕದ, ತುಂಬ ಗಾಜು, ಒಂದು ಕದಕ್ಕೆ ಹಿತ್ತಾಳೆ ಹಿಡಿಕೆಯ ವಿಲಾಯತಿ ಬೀಗ. ಇನ್ನೊಂದು ಕದವನ್ನು ನಾವು ತೆಗೆದದ್ದೇ ಇಲ್ಲ. ಅದರ ಮೇಲೆ ನಾನು ಒದ್ದೆ ಬಟ್ಟೆ ಹಾಕುತ್ತಿದ್ದೆ.

ಈ ಬಾಗಿಲನ್ನು ಪಡಸಾಲೆಯ ಹಿಂಬದಿಗೆ ಕೂರಿಸಿದ್ದರು. ಬಾಗಿಲಾಚೆ ವರಾಂಡ, ವರಾಂಡದಲ್ಲೇ ಅಡಿಗೆಮನೆ, ಅದರಾಚೆ ಗೋಡೆ ಸುತ್ತಿದ ಹಿತ್ತಲು. ನಮ್ಮದು ಸಾಲುಮನೆ. ಅಡಿಗೆಮನೆಗೆ ಹೋಗಲಿ, ಬರಲಿ, ಈ ಬಾಗಿಲೇ ಗತಿ.

ಬೀಗದ ರೋಗ ಹೀಗಿತ್ತು. ಹಿಡಿಕೆ ತಿರುಗಿಸಿದರೆ ಬೀಗದ ನಾಲಗೆ ಒಳಗೆ ಸರಿದು ಬಾಗಿಲು ತೆರೆಯಬೇಕು. ನಾಲಗೆ ಸರಿಯುತ್ತಿರಲಿಲ್ಲ. ಯಜಮಾನರು ಹಿಡಿಕೆ ತಿರುಗಿಸಿ ಮೊಣಕಾಲಿನಿಂದ ಒಂದು ಏಟು ಹಾಕುತ್ತಿದ್ದರು. ಆಗ ತೆರೆಯುತ್ತಿತ್ತು.

ಅತ್ತೆಯವರು ಬರುವ ಸುದ್ದಿ ಬಂದಾಗ ನಾನು ಈ ವಿಷಯ ಎತ್ತಿದೆ.

"ಬಡಿಗ್ಯಾ ಮದುವಿಗೆ ಹೋಗ್ಯಾನ," ಎಂದರು ಯಜಮಾನರು. "ಬರೂದು ಮುಂದಿನ ವಾರ. ಅಲ್ಲೀತನಾ ಮೊಣಕಾಲಿಲೆ ನಡಸೂಣು."

"ಅತ್ತಿಯವರೂ ಮೊಣಕಾಲಿಲೆ ಬಾಗಲಾ ಒದೀಬೇಕೇನ್ರಿ?"

ಅವರು ಟೊಪ್ಪಿಗೆ ಹಾಕಿಕೊಂಡರು. "ಅವ್ವ ಒದ್ರೂ ಒದ್ದಾಳು," ಎಂದು ಹೇಳಿ ಅಂಗಡಿಗೆ ಹೋದರು.

ಬೀಗದ ದುರಸ್ತಿ ಕಾರ್ಯವನ್ನು ನಾನು ಸ್ವತಃ ಕೈಗೆತ್ತಿಕೊಂಡದ್ದು ಹೀಗೆ. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಆ ಪೈಕಿ.

ಮೊದಲು ಕುಸುಬೆ ಎಣ್ಣೆ ಹಾಕಿದೆ. ಕೀಲಿಯ ತೂತಿನಿಂದ ಹಾಕಿದ ಎಣ್ಣೆ ಕದದ ಮೇಲೆ ಇಳಿದು ಹೊಸ್ತಿಲಿಗೆ ಬಂದು ನಿಂತಿತು. ಈಗ ನಾಲಗೆ ಒಳಗೆ ಸರಿಯಿತು. ಸರಿದದ್ದು ಹೊರಗೆ ಬರಲಿಲ್ಲ. ನಿನ್ನೆಯವರೆಗೆ ತೆರೆಯದಿದ್ದ ಬಾಗಿಲು ಈಗ ಮುಚ್ಚಲೊಲ್ಲದು. ಇದು ಪ್ರಗತಿ ಎಂದುಕೊಂಡು ಪೇಚಕಸ ತಂದು ಇಸ್ಕ್ರೂ ಬಿಚ್ಚಿ ಬೀಗವನ್ನು ಕದದಿಂದ ಇಳಿಸಿದೆ, ಡಬ್ಬಿಯ ಮುಚ್ಚಳ ತೆಗೆದೆ. ಒಳಗಿದ್ದ ಸ್ಪ್ರಿಂಗು ನನ್ನ ಕಿವಿಯ ಪಕ್ಕದಿಂದ ಹಾರಿ ಹಿತ್ತಲಿಗೆ ಹೋಯಿತು. ಹುಡುಕಿದೆ, ಸಿಗಲಿಲ್ಲ. ಅದು ಇನ್ನೂ ಅಲ್ಲೇ ಇರಬೇಕು.

ಸ್ಪ್ರಿಂಗಿನ ಕೆಲಸವೇನು? ನಾಲಗೆಯನ್ನು ಹೊರಗೆ ದೂಡುವುದು. ದೂಡುವ ಗುಣ ಯಾವುದಕ್ಕಿದೆ? ಕೊಡೆಯ ಕಡ್ಡಿಗಿದೆ. ಯಜಮಾನರ ಕೊಡೆ ಮೂಲೆಯಲ್ಲಿ ನಿಂತಿತ್ತು. ಮಳೆಗಾಲವಂತೂ ಮುಗಿದಿತ್ತು. ಒಂದು ಕಡ್ಡಿ ಮುರಿದು, ಬಗ್ಗಿಸಿ, ಡಬ್ಬಿಯೊಳಗೆ ತುರುಕಿ ಮುಚ್ಚಳ ಹಾಕಿದೆ. ಪಡಸಾಲೆಯ ಬದಿಯಲ್ಲಿ ಬೀಗವನ್ನು ಮತ್ತೆ ಕೂರಿಸಿ ಇಸ್ಕ್ರೂಗಳನ್ನು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಿಗಿದೆ. ಕೊನೆಗೆ ಒಂದು ಸಣ್ಣ ಇಸ್ಕ್ರೂ ಕೈಯಲ್ಲಿ ಉಳಿಯಿತು. ಸಾಹೇಬರ ಮಂದಿ ಎಲ್ಲವನ್ನೂ ಒಂದು ಹೆಚ್ಚಿಗೇ ಹಾಕುತ್ತಾರೆ ಎಂದುಕೊಂಡು ಎತ್ತಿಟ್ಟೆ.

ಬಾಗಿಲು ದೂಡಿದೆ. ಟಪ್ ಎಂದು ಹಾಕಿಕೊಂಡಿತು. ಹಿಡಿಕೆ ತಿರುಗಿಸಿದೆ. ತೆರೆಯಿತು. ಮನೆ ಉಳಿಯಿತೆಂದು ನನಗೆ ಕುಣಿಯುವಷ್ಟು ಸಂತೋಷವಾಯಿತು.

ಮರುದಿನ ಇಳಿಹೊತ್ತಿನ ಗಾಡಿಗೆ ಅತ್ತೆಯವರು ಬಂದರು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಅದರಲ್ಲೂ ಅಂದು ಚತುರ್ದಶಿ, ಅತ್ತೆಯವರದು ಒಪ್ಪತ್ತು. ದಿನಕ್ಕೆ ಒಂದೇ ಊಟ. ಆ ಒಂದು ಊಟವನ್ನು ನನ್ನ ಕೈಯಲ್ಲೇ ಮಾಡಬೇಕೆಂದು ಬೆಳಗಿನಿಂದ ಏನೂ ತಿನ್ನದೆ ಬಂದಿದ್ದರು.

"ಗಾಡಿ ದೇಸೂರ ಟೇಶನ್ ದಾಟಿದ ಮ್ಯಾಲೆ ಹಸಿವು ಸುರು ಆತು ನೋಡವಾ," ಎಂದರು. "ಹೊತ್ತ ಐತಿ ಇನ್ನ. ಲಗೂನ ಬಡಸು."

ಪಡಸಾಲೆಯಲ್ಲಿ ಮಣೆ ಹಾಕಿ ಹೊಸ ಹಿತ್ತಾಳೆ ತಾಟು ಇಟ್ಟೆ. ತಾಯಿ ಮಗ ಕೂತರು. ನಾನು ಹೋಳಿಗೆ ತರಲು ವರಾಂಡಕ್ಕೆ ಹೋದೆ. ಹಿತ್ತಲಿನಿಂದ ಗಾಳಿ ಬೀಸಿ ಬಾಗಿಲು ಹಿಂದೆಯೇ ಮುಚ್ಚಿಕೊಂಡಿತು. ಎಷ್ಟು ಚೆನ್ನಾಗಿ ಮುಚ್ಚಿತು ಎಂದು ನನಗೆ ಹೆಮ್ಮೆಯೇ ಆಯಿತು. ಹೋಳಿಗೆ ಬುಟ್ಟಿ ಹಿಡಿದು ಬಂದು ಹಿಡಿಕೆ ತಿರುಗಿಸಿದೆ.

"ಪದ್ಮಾ, ಏನಾತು?" ಎಂದು ಅತ್ತೆಯವರು ಗಾಜಿನ ಆಚೆಯಿಂದ ಕೇಳಿದರು.

"ಏನಿಲ್ರಿ ಅತ್ತಿಯವರ. ಹಿಡಿಕಿ ಕೈಯಾಗ ಬಂತು."

"ಬಾಗಲಾ?"

"ಬಾಗಲಾ ಬರಲಿಲ್ರಿ."

ಉಳಿದಿದ್ದ ಆ ಸಣ್ಣ ಇಸ್ಕ್ರೂ ಎಲ್ಲಿಯದೆಂದು ಈಗ ತಿಳಿಯಿತು. ಎರಡೂ ಬದಿಯ ಹಿಡಿಕೆಗಳನ್ನು ಒಂದು ಕಬ್ಬಿಣದ ಸಲಾಕೆ ಕೂಡಿಸುತ್ತದೆ. ನನ್ನ ಕಡೆಯ ಹಿಡಿಕೆ ಕಿತ್ತು ಬಂದಿತ್ತು, ಸಲಾಕೆಯ ತುದಿ ತೂತಿನಲ್ಲಿ ಕಾಣುತ್ತಿತ್ತು. ಅದನ್ನು ಹಿಡಿದು ತಿರುಗಿಸೋಣವೆಂದು ಬೆರಳು ಹಾಕಿದೆ. ಸಲಾಕೆ ಆಚೆ ಜಾರಿ, ಪಡಸಾಲೆಯ ಹಿಡಿಕೆಯ ಸಮೇತ ಬಿದ್ದು, ಉರುಳುತ್ತ ಅತ್ತೆಯವರ ತಾಟಿನ ಬಳಿಗೆ ಹೋಯಿತು. ಅವರು ಅದನ್ನು ಎತ್ತಿ ಹಿಂದೆ ಮುಂದೆ ನೋಡಿ, ತಾಟಿನ ಅಂಚಿಗೆ, ಉಪ್ಪಿನಕಾಯಿ ಬಡಿಸುವ ಜಾಗದಲ್ಲಿ ಇಟ್ಟರು.

ಯಜಮಾನರು ಅದನ್ನು ತಂದು ತೂತಿಗೆ ಹಾಕಿ ಗಂಡಸುತನದಿಂದ ತಿರುಗಿಸಿದರು. ಒಳಗೆ ಲಟಕ್ ಎಂದಿತು. ಕೊಡೆಯ ಕಡ್ಡಿ. ಆಮೇಲೆ ಹಿಡಿಕೆ ಗಿರಗಿರ ತಿರುಗಿತು, ನಾಲಗೆ ಅಲ್ಲಾಡಲಿಲ್ಲ.

"ಬೀಗಾನ ಬಿಚ್ಚತೀನಿ ತಡಿ. ಪೇಚಕಸ ಎಲ್ಲಿಟ್ಟಿ?"

ಪೇಚಕಸ ಅಡಿಗೆಮನೆಯಲ್ಲಿತ್ತು. ಬೀಗ ಅವರ ಕಡೆ, ಪೇಚಕಸ ನನ್ನ ಕಡೆ. ಬಾಗಿಲ ಕೆಳಗಿನ ಸಂದಿಯಿಂದ ತೂರಿಸಿದೆ. ಅದರ ಕಟ್ಟಿಗೆಯ ಹಿಡಿ ಸಿಕ್ಕಿಕೊಂಡಿತು. ಯಜಮಾನರು ನೆಲಕ್ಕೆ ಮಲಗಿ ಸಂದಿಯನ್ನು ಪರೀಕ್ಷಿಸಿದರು.

"ಅವ್ವಾ, ಹೋಳಿಗಿ ಆದ್ರ ಹಾಯತಾವ ನೋಡು ಇದರಾಗ," ಎಂದರು.

"ನಾ ಏನ್ ಬೆಕ್ಕೇನಪಾ?" ಎಂದರು ಅತ್ತೆಯವರು.

ಅಷ್ಟರಲ್ಲಿ ಹಿತ್ತಲ ಗೋಡೆಯ ಮೇಲೆ ಪಕ್ಕದ ಮನೆಯ ಕಾಕೂನ ಮುಖ ಮೂಡಿತು. ಕಾಕೂ ಮರಾಠಿಯವಳು. ಅರ್ಧ ಮರಾಠಿ, ಅರ್ಧ ಕನ್ನಡ, ಪೂರ್ತಿ ಕಳಕಳಿ. "ಕಾಯ ಝಾಲ ಗ ಪದ್ಮಾ? ಏನಾತು? ಯಾಕ ಹೊರಗ ನಿಂತೀ?"

ಪೇಚಕಸವನ್ನು ಗೋಡೆಯ ಮೇಲಿಂದ ಅವಳ ಕೈಗೆ ಕೊಟ್ಟು, ಬೀದಿಯಿಂದ ಸುತ್ತಿ ಮುಂಬಾಗಿಲಿಗೆ ಒಯ್ಯಲು ಹೇಳಿದೆ. ಕಾಕೂ ಒಯ್ದಳು. ಆದರೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಪೇಚಕಸ ತೋರಿಸಿ ಕಾರಣ ವಿವರಿಸುತ್ತ ಒಯ್ದಳು. ಅವಳು ಬರುವಷ್ಟರಲ್ಲಿ ಓಣಿಯ ಅರ್ಧ ಮಂದಿ ಪಡಸಾಲೆಯಲ್ಲಿದ್ದರು. ಎಲ್ಲರೂ ಗಾಜಿನೊಳಗಿಂದ ನನ್ನನ್ನೂ ಹೋಳಿಗೆಯನ್ನೂ ನೋಡಿದರು. ಹೋಳಿಗೆ ಚೆನ್ನಾಗಿವೆ ಎಂದು ಒಬ್ಬರು ಹೇಳಿದರು.

ಯಜಮಾನರು ಇಸ್ಕ್ರೂ ಬಿಚ್ಚತೊಡಗಿದರು. ಒಂದು ಬಂತು. ಉಳಿದವು ಬರಲಿಲ್ಲ. "ಯಾ ರಾಕ್ಷಸ ಬಿಗದಾನ ಇವನ್ನ?" ಎಂದು ಬೆವರು ಒರೆಸಿಕೊಂಡರು. ನಾನು ಕಟ್ಟಿನ ಸಾರನ್ನು ಕಲಕುತ್ತ ನಿಂತೆ.

"ಪದ್ಮಾ ಅಡಿಗಿ ಗಂಗಾಳ ಗ್ವಾಡಿ ಮ್ಯಾಲಿಂದ ಕೊಡಲಿ, ನಾ ತರತೀನಿ," ಎಂದಳು ಕಾಕೂ ಅತ್ತೆಯವರಿಗೆ.

"ನಿಮ್ಮ ಒಲಿ ಮ್ಯಾಲೆ ಇವತ್ತ ಏನೈತ್ರಿ?" ಎಂದು ಅತ್ತೆಯವರು ನಯವಾಗಿ ಕೇಳಿದರು.

"ಉಳ್ಳಾಗಡ್ಡಿ ಝುಣಕಾ."

"ಹಂಗಾರ ಬ್ಯಾಡ್ರಿ. ನಾವು ಉಳ್ಳಾಗಡ್ಡಿ ಮುಟ್ಟಂಗಿಲ್ಲ, ನಮ್ಮದು ಮಡಿ ಅಡಿಗಿ. ಬೇಜಾರ ಮಾಡ್ಕೋಬ್ಯಾಡ್ರಿ."

ನಾನೇ ಗೋಡೆ ಹತ್ತಿ ಬರಬಹುದಿತ್ತು. ಆದರೆ ಮನೆ ನಡೆಸಲು ಬರುತ್ತದೆಯೇ ಎಂದು ನೋಡಲು ಬಂದ ಅತ್ತೆಯ ಎದುರಿಗೆ, ಓಣಿಯ ಮಂದಿಯ ಸಮಕ್ಷಮ, ಸೀರೆ ಎತ್ತಿಕಟ್ಟಿ ಗೋಡೆ ಹತ್ತಿದ ಸೊಸೆಯ ಮನೆ ಎಲ್ಲಿ ಉಳಿದೀತು? ಯಜಮಾನರು ಗಾಜು ಒಡೆಯಲು ಒನಕೆ ತಂದರು. ಅದನ್ನೂ ಅತ್ತೆಯವರೇ ತಡೆದರು.

"ಗಾಜಿನ ಚೂರು ಅಡಿಗ್ಯಾಗ ಬಿದ್ರ ಉಣ್ಣೂದೇನು? ಒನಕಿ ಇಡು."

ಅವರು ಎದ್ದು ಮುಂಬಾಗಿಲಿಗೆ ಹೋಗಿ ಆಕಾಶ ನೋಡಿ ಬಂದರು. ತಾಟನ್ನು ಎತ್ತಿ ಮಗುಚಿ ಇಟ್ಟರು. "ಆತು. ಹೊತ್ತು ಮುಣಗಿತು," ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಇನ್ನು ಬೆಳಗಿನವರೆಗೆ ಅವರಿಗೆ ನೀರೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ನಾನು ಗಾಜಿನಲ್ಲಿಟ್ಟು ತೋರಿಸಿದ್ದೆ. ನಾನೂ ಬೆಳಗಿನಿಂದ ಉಂಡಿರಲಿಲ್ಲ. ಬುಟ್ಟಿ ತುಂಬ ಹೋಳಿಗೆ, ಪಾತ್ರೆ ತುಂಬ ಸಾರು, ಎಲ್ಲದರ ನಡುವೆ ಉಪವಾಸ ಕೂತು ಕಣ್ಣೀರು ಹಾಕಿದೆ.

ಆಗ ಅತ್ತೆಯವರು ಬಾಗಿಲ ಹತ್ತಿರ ಬಂದರು. ಕೈ ಹಿಂದೆ ಕಟ್ಟಿಕೊಂಡು ಮೇಲಿನಿಂದ ಕೆಳಗೆ ನೋಡಿದರು.

"ಪದ್ಮಾ, ಬಾಜೂಕ ಇನ್ನೊಂದ ಕದಾ ಐತೆಲ್ಲಾ, ಅದರ ಮ್ಯಾಲಿನ ಅರಿವಿ ತಗಿ. ಮ್ಯಾಲೊಂದು ಕೆಳಗೊಂದು ಚಿಲಕ ಅದಾವ ನಿನ್ನ ಕಡೆ. ಎರಡೂ ಎಳದ ನೋಡೂಣು."

ಎಳೆದೆ. ಎರಡು ಕದಗಳೂ ಒಂದನ್ನೊಂದು ಬಿಡದೆ, ಜೋಡಿಯಾಗಿ, ಸದ್ದಿಲ್ಲದೆ ತೆರೆದುಕೊಂಡವು. ಬೀಗ ಹಾಕಿದಂತೆಯೇ ಇತ್ತು. ಬಾಗಿಲು ತೆರೆದಿತ್ತು.

ಯಜಮಾನರು ಒನಕೆಯನ್ನು ನೋಡುತ್ತ ನಿಂತರು. ಅತ್ತೆಯವರು ಒಳಗೆ ಬಂದು ಬುಟ್ಟಿಯ ಕಡೆ ಬಗ್ಗಿ, "ಕಡ್ಲಿಬ್ಯಾಳಿ ಹೋಳಿಗೀ? ವಾಸನಿ ಚೊಲೊ ಐತಿ," ಎಂದು ಹೇಳಿ ಹಾಸಿಗೆ ಹಾಸಲು ಹೇಳಿದರು. ನಾವು ರಾತ್ರಿ ಉಳಿದ ಅಡಿಗೆಯನ್ನು ಮುಟ್ಟುವವರಲ್ಲ. ಹೋಳಿಗೆ, ಸಾರು, ಪಲ್ಲೆ ಎಲ್ಲ ಕಾಕೂನ ಮನೆಗೆ ಹೋಯಿತು. ಝುಣಕದ ಜೊತೆ ಚೆನ್ನಾಗಿ ಹೊಂದಿತೆಂದು ಅವಳು ಹೇಳಿ ಕಳಿಸಿದಳು.

ಆ ಚಿಲಕಗಳನ್ನು ಅತ್ತೆಯವರು ಕಂಡದ್ದು ಹೊತ್ತು ಮುಳುಗಿದ ಮೇಲೋ, ಮೊದಲೋ ಎಂದು ಯಜಮಾನರು ನನ್ನನ್ನು ಪಿಸುಮಾತಿನಲ್ಲಿ ಕೇಳಿದರು. ನೀವೇ ಕೇಳಿ ಎಂದೆ. ಅವರು ಕೇಳಲಿಲ್ಲ.

ಬೆಳಗ್ಗೆ ಸೂರ್ಯ ಮೂಡಿದ ಮೇಲೆ ಅತ್ತೆಯವರೇ ಸ್ನಾನ ಮಾಡಿ ಅಡಿಗೆಮನೆಗೆ ಹೋದರು. ರೊಟ್ಟಿ ಬಡಿದು ನಮ್ಮಿಬ್ಬರಿಗೂ ಬಡಿಸಿ, ತಾವೂ ಉಂಡು, ಕೈ ತೊಳೆದು ಮಗನಿಗೆ ತೀರ್ಪು ಹೇಳಿದರು.

"ಧರಣಪ್ಪಾ, ಇಕಿ ಅಡಿಗಿ ಬರೊಬ್ಬರಿ ಮಾಡತಾಳ, ವಾಸನಿ ಮ್ಯಾಲೇ ಗೊತ್ತಾತು. ಮನಿನೂ ಚೊಕ್ಕ ಇಟ್ಟಾಳ. ನೀವು ಬೆಳಗಾವಿಗೆ ತಿರುಗಿ ಬರೂದೇನ ಬ್ಯಾಡ. ಇಲ್ಲೇ ಇರ್ರಿ."

ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಬಿದ್ದೆ ಕೂಡ. ನಾನು ಇನ್ನೂ ಏಳುವ ಮೊದಲೇ ಅವರು ಮಾತು ಮುಂದುವರಿಸಿದರು.

"ಆದ್ರ ನಿಮ್ಮಿಬ್ಬರನ್ನ ನಿಮ್ಮಷ್ಟಕ್ಕ ಬಿಟ್ರ ಕಣ್ಮುಂದ ಅಡಿಗಿ ಇಟಗೊಂಡ ಉಪವಾಸ ಸಾಯತೀರಿ. ನೀ ಇವತ್ತಿನ ಗಾಡಿಗೆ ಹೋಗಿ ನನ್ನ ಟ್ರಂಕು, ಹಾಸಗಿ ತಗೊಂಡ ಬಾ."

ಯಜಮಾನರು ಅಂದೇ ಹೋಗಿ ತಂದರು. ಒಂದು ಸಂಜೆಯ ಮಟ್ಟಿಗೆ ಬಾಗಿಲಾಚೆ ಉಳಿದ ಅತ್ತೆಯವರು ಹೀಗೆ ಕಾಯಂ ಆಗಿ ಒಳಗೆ ಬಂದರು. ಬೀಗ ರಿಪೇರಿಗೆ ಕೈ ಹಾಕುವ ಸೊಸೆಯಂದಿರು ಇದನ್ನು ಗಮನದಲ್ಲಿಡಬೇಕಾಗಿ ವಿನಂತಿ.