ಡ್ರೈಕ್ಲೀನ್ ಗಿಡ

ಮನುಷ್ಯನ ಬಾಯಲ್ಲಿ ಹಲ್ಲೆಷ್ಟೋ, ಡ್ರೈಕ್ಲೀನ್ ರಾಯರ ಮನೆಯ ತಾರಸಿಯಲ್ಲಿ ಹೂಕುಂಡಗಳೂ ಅಷ್ಟೇ: ಮೂವತ್ತೆರಡು. (ರಾಯರ ಬಾಯಲ್ಲಿ ಈಚೆಗೆ ಮೂರು ಉದುರಿವೆ, ಕುಂಡ ಮಾತ್ರ ಒಂದೂ ಕಡಿಮೆಯಾಗಿಲ್ಲ.) ಕುಂಡಗಳು ಹೆಂಡತಿಯವು, ಬಕೆಟ್ ರಾಯರದು. ದಿನಾ ಬೆಳಿಗ್ಗೆ ಎಂಟು ಬಕೆಟ್ ನೀರನ್ನು ಮೆಟ್ಟಿಲು ಹತ್ತಿಸಿ, ಸೊಂಟ ಹಿಡಿದುಕೊಂಡು ಇಳಿದು, ಸ್ನಾನ ಮಾಡಿ, ಮತ್ತೆ ಹತ್ತಿ ಟವೆಲ್ ಒಣಹಾಕಿ ತಮ್ಮ ಡ್ರೈಕ್ಲೀನಿಂಗ್ ಅಂಗಡಿಗೆ ಹೊರಡುವುದು ಇಪ್ಪತ್ತೆರಡು ವರ್ಷಗಳ ಪದ್ಧತಿ. ಅಷ್ಟೂ ವರ್ಷಗಳಲ್ಲಿ ಅವರು ಹೆಂಡತಿಯೆದುರು ಒಂದೇ ಒಂದು ವಾದವನ್ನೂ ಗೆದ್ದಿರಲಿಲ್ಲ.

ಹಾಗಾಗಿ ನರ್ಸರಿಯವನು ಆ ಪೊದೆ ತೋರಿಸಿದಾಗ ರಾಯರು ಹಿರಿಹಿರಿ ಹಿಗ್ಗಿದರು. ಮೊಣಕಾಲೆತ್ತರ, ಬೂದಿ ಬಳಿದುಕೊಂಡಂಥ ಎಲೆ.

"ಮರಳುಗಾಡಿನ ಗಿಡ ಸಾರ್, ಸೇವಂತಿಗೆ ಕುಟುಂಬ. ಹಳದಿ ಹೂ ಬಿಡುತ್ತೆ, ನೀರಿನ ಗೊಡವೆ ಇಲ್ಲ. ಎಲೆ ಹಸಿರಾಯ್ತು ಅಂದ್ರೆ ಎಲ್ಲಿಂದಲೋ ನೀರು ಸಿಗ್ತಿದೆ ಅಂತ ತಿಳ್ಕೊಳ್ಳಿ."

ಹೆಂಡತಿ ಗಿಡವನ್ನು ಮೇಲಿಂದ ಕೆಳಗೆ ನೋಡಿದಳು. "ಕುಟುಂಬ ಒಳ್ಳೇದೇ. ಆದ್ರೆ ನೋಡೋಕೆ ಕಳೆ ಥರ ಇದೆ, ಮುಖದಲ್ಲಿ ಮಾತ್ರ ಕಳೆನೇ ಇಲ್ಲ. ನೀರಿಲ್ಲದೆ ಇದು ಹೂ ಬಿಡುತ್ತೇನ್ರೀ?"

"ನೀರೇ ಇಲ್ಲದೆ ಊರಿನ ಕೋಟುಗಳನ್ನೆಲ್ಲ ಒಗೆದವನು ಕಣೇ ನಾನು! ಒಂದು ಹೂ ಬಿಡಿಸೋಕಾಗಲ್ವಾ?"

ಪಂಥ ಕಟ್ಟಿದ್ದಾಯಿತು. ಹನಿ ನೀರು ಹಾಕದೆ ಮೂರು ತಿಂಗಳಲ್ಲಿ ಹೂ ಬಿಟ್ಟರೆ ಮೂವತ್ತೆರಡು ಕುಂಡಗಳಿಗೂ ವಿದಾಯ, ರಾಯರ ಸೊಂಟಕ್ಕೆ ವಿಮೋಚನೆ. ಸೋತರೆ ರಾಯರು ಜೀವಮಾನವಿಡೀ ಬಾಯಿ ಮುಚ್ಚಿಕೊಂಡು ನೀರು ಹೊರತಕ್ಕದ್ದು. ತೀರ್ಪುಗಾರರು ಕೆಳಮನೆಯ ನಿವೃತ್ತ ಮೇಷ್ಟ್ರು.

ತಾರಸಿಯಲ್ಲಿ ಜಾಗ ಉಳಿದಿದ್ದದ್ದು ಬಟ್ಟೆ ಹಗ್ಗದ ಕೆಳಗೆ ಮಾತ್ರ. ಗಿಡ ಅಲ್ಲೇ ಕೂತಿತು. ಮಳೆಯ ಸುಳಿವಿಲ್ಲದ ಕಾಲ. ರಾಯರು ನಿಶ್ಚಿಂತೆಯಿಂದಿದ್ದರು.

ಎರಡನೇ ತಿಂಗಳು ಎಲೆ ಹಸಿರಾಗತೊಡಗಿತು! ರಾಯರಿಗೆ ನರ್ಸರಿಯವನ ಮಾತು ನೆನಪಾಯಿತು. ತನ್ನನ್ನು ಸೋಲಿಸಲು ಇವಳೇ ಕದ್ದು ನೀರು ಹಾಕುತ್ತಿದ್ದಾಳೆ, ಬೇರೆ ಮಾತೇ ಇಲ್ಲ! ಮರುದಿನ ಅಂಗಡಿಯ ಬಾಗಿಲು ತಡವಾಗಿ ತೆರೆಯುವುದೆಂದು ನಿಶ್ಚಯಿಸಿ, ಸ್ನಾನ ಮುಗಿಸಿ, ಟವೆಲ್ ಒಣಹಾಕಿ, ತಾರಸಿಯ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ಎರಡು ಗಂಟೆ ನಿಂತರು. ಹೆಂಡತಿ ಬಂದಳು, ಹಗ್ಗ ನೋಡಿದಳು, ಗಿಡ ನೋಡಿದಳು, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು, ಹೋದಳು. ಚೊಂಬು ಮುಟ್ಟಲಿಲ್ಲ. ಮಹಾ ಚಾಲಾಕಿ ಹೆಂಗಸು ಎಂದುಕೊಂಡರು ರಾಯರು.

ಮೂರು ತಿಂಗಳಿಗೆ ಇನ್ನೆರಡು ದಿನ ಇರುವಾಗ ಗಿಡ ಹೂ ಬಿಟ್ಟಿತು. ಒಂದೆರಡಲ್ಲ, ನಲವತ್ತೇಳು ಹಳದಿ ಹೂ! ರಾಯರು ಎರಡು ಸಲ ಎಣಿಸಿದರು. ಲಗುಬಗೆಯಿಂದ ಸ್ನಾನ ಮಾಡಿ, ಟವೆಲನ್ನು ಹಗ್ಗಕ್ಕೆಸೆದು, ಮೇಷ್ಟ್ರನ್ನು ಕೈಹಿಡಿದು ತಾರಸಿಗೆ ಕರೆತಂದರು.

"ನೋಡಿ ಮೇಷ್ಟ್ರೇ, ಅಪ್ಪಟ ಡ್ರೈಕ್ಲೀನ್ ಹೂ! ಮೂವತ್ತೆರಡು ಕುಂಡ ನಾಳೆನೇ ಸಾಗಹಾಕೋದು!"

ಹೆಂಡತಿ ಕೈಕಟ್ಟಿ ನಿಂತಿದ್ದಳು. "ನೀರು ಬಿದ್ದಿದೆ ಮೇಷ್ಟ್ರೇ. ಹಾಕಿದೋರು ಯಾರು ಅಂತಲೂ ನಂಗೊತ್ತು."

"ಯಾರು? ಯಾರು ಆ ಕಳ್ಳರು?" ರಾಯರು ಗುಡುಗಿದರು.

ಮೇಷ್ಟ್ರು ಸಾಕ್ಷ್ಯ ಪರಿಶೀಲನೆಗೆಂದು ಹೂವಿನ ಮೇಲೆ ಬಗ್ಗಿದರು. ಅವರ ನುಣ್ಣನೆಯ ಬೋಳುತಲೆಯ ನಟ್ಟನಡುವೆ ಟಪ್ ಎಂದಿತು. ಮತ್ತೆ ಟಪ್.

"ಇದೇನಯ್ಯಾ, ಮಳೆನಾ?" ಮೇಷ್ಟ್ರು ತಲೆ ಒರೆಸಿಕೊಂಡು ಮೇಲೆ ನೋಡಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ರಾಯರ ಕೈಯೂ ಹೆಗಲಿಗೆ ಹೋಯಿತು. ಟವೆಲ್ ಅಲ್ಲಿರಲಿಲ್ಲ. ಹಗ್ಗದ ಮೇಲೆ ಧಾರಾಳವಾಗಿ ನೀರಿಳಿಸುತ್ತಿತ್ತು.

"ಇಪ್ಪತ್ತೆರಡು ವರ್ಷದಿಂದ ಬಡ್ಕೊಳ್ತಿದೀನಿ, ಟವೆಲ್ ಹಿಂಡಿ ಹಾಕ್ರೀ ಅಂತ! ಈ ಮೂರು ತಿಂಗಳು ಮಾತ್ರ ಹೇಳ್ಲಿಲ್ಲ."

"ಹೇಳಬಾರದಿತ್ತೇನೇ?"

"ಹೇಳಿದ್ರೆ ಯಾವತ್ತಾದ್ರೂ ಕೇಳಿದೀರಾ?"

ಮೇಷ್ಟ್ರು ಒದ್ದೆ ತಲೆಯಲ್ಲೇ ತೀರ್ಪು ಕೊಟ್ಟರು. ರಾಯರು ಸೋತಿದ್ದರು.

ಮರುದಿನ ರಾಯರು ಎಂಟು ಬಕೆಟ್ ಹೊತ್ತರು, ತುಟಿಪಿಟಿಕ್ಕೆನ್ನಲಿಲ್ಲ. ಸ್ನಾನವಾದ ಮೇಲೆ ಜನ್ಮದಲ್ಲೇ ಮೊದಲ ಬಾರಿಗೆ ಟವೆಲನ್ನು ತಿರುಚಿ ತಿರುಚಿ, ಕೊನೆಯ ಹನಿಯವರೆಗೂ ಹಿಂಡಿ, ಕೊಡವಿ, ಹಗ್ಗಕ್ಕೆ ಹರವಿದರು. ಇನ್ನು ಯಾರೂ ಏನೂ ಅನ್ನುವಂತಿಲ್ಲ.

"ಅಯ್ಯಯ್ಯೋ, ಹಿಂಡಿಬಿಟ್ರಾ?" ಹಿಂದಿನಿಂದ ಬಂದ ಹೆಂಡತಿ ಹಣೆ ಚಚ್ಚಿಕೊಂಡಳು. "ಹೂ ಬಿಟ್ಟಿರೋ ಗಿಡ ಕಣ್ರೀ, ಅಭ್ಯಾಸ ಆಗೋಗಿದೆ, ಪಾಪ! ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ? ಹೋಗಿ, ನೆನೆಸ್ಕೊಂಡು ಬನ್ನಿ!"

ರಾಯರು ಬಾಯಿ ತೆರೆದರು. ಷರತ್ತು ನೆನಪಾಯಿತು. ಮುಚ್ಚಿಕೊಂಡು, ಟವೆಲ್ ತೆಗೆದುಕೊಂಡು ಬಚ್ಚಲಿಗೆ ಇಳಿದರು.