ಹುಳಿಪುಡಿ ವ್ಯಾಪಾರ

ಪದ್ಮಮ್ಮನವರ ಬಲಗೈ ಮುರಿದದ್ದು ಒಂದು ಹೀರೇಕಾಯಿಯ ದೆಸೆಯಿಂದ. ಬಳ್ಳಿ ಇವರದೇ, ಕಾಯಿ ಮಾತ್ರ ಕಾಂಪೌಂಡಿನಾಚೆ ಶಮೀಮ್ ಬಾನು ಮನೆಯ ಕಡೆಗೆ ಜೋತುಬಿದ್ದಿತ್ತು. ಸ್ಟೂಲು ಹತ್ತಿ ಕೈಚಾಚಿದರು. ಕಾಯಿ ಕೈಗೆ ಬಂತು, ಸ್ಟೂಲು ಕಾಲಡಿಯಿಂದ ಹೋಯಿತು. ಮದ್ದೂರಿನ ಡಾಕ್ಟರು ಪಟ್ಟಿ ಹಾಕಿ, ಒಂದು ತಿಂಗಳು ಈ ಕೈಗೆ ಕೆಲಸ ಕೊಡಬೇಡಿ ಎಂದರು.

ಸುದ್ದಿ ಕೇಳಿ ಮಂಡ್ಯದಿಂದ ಅವರ ತಂಗಿ ಫೋನು ಮಾಡಿದಳು. "ಭಾವನಿಗೆ ನೀರು ಕಾಯಿಸೋಕೂ ಬರಲ್ಲ. ನಾಳೆ ಸಾಯಂಕಾಲ ಕಾರು ತರ್ತೀನಿ, ನಮ್ಮನೆಗೆ ಬಂದ್ಬಿಡಿ..."

ಅಷ್ಟು ಕಿವಿಗೆ ಬಿದ್ದದ್ದೇ ಪಕ್ಕದಲ್ಲಿದ್ದ ಅನಂತರಾಮು ಫೋನು ಕಿತ್ತುಕೊಂಡರು. "ಯಾರೂ ಎಲ್ಲಿಗೂ ಬರಲ್ಲಮ್ಮ! ನಾಳೆ ಇಡೀ ದಿನ ನಿಮ್ಮಕ್ಕ ಒಂದು ಲೋಟ ಎತ್ತಿಡೋ ಹಾಗಿಲ್ಲ. ಹಾಗೆ ನೋಡ್ಕೊಂಡ್ರೆ ಅವಳು ಇಲ್ಲೇ ಇರ್ತಾಳೆ."

"ನೋಡೇಬಿಡೋಣ ಭಾವ. ನಾಳೆ ರಾತ್ರಿ ಫೋನ್ ಮಾಡ್ತೀನಿ."

ಭಾರತೀನಗರದ ಕಾಲೇಜಿನಲ್ಲಿ ಆಯುಷ್ಯವೆಲ್ಲ ಅರ್ಥಶಾಸ್ತ್ರ ಬೋಧಿಸಿ ನಿವೃತ್ತರಾದವರು ಅನಂತರಾಮು. ಅವರಿಗೆ ಸಂಜೆ ಜಗಲಿಯಲ್ಲಿ ಕೂತು, ಹೆಂಡತಿ ಊರ ಸುದ್ದಿಯನ್ನೆಲ್ಲ ಅವರೇಕಾಯಿ ಸುಲಿದಂತೆ ಒಂದೊಂದಾಗಿ ಸುಲಿಯುವುದನ್ನು ಕೇಳದಿದ್ದರೆ ರಾತ್ರಿ ಊಟ ಸೇರುತ್ತಿರಲಿಲ್ಲ. ಆದರೆ ನೀನಿಲ್ಲದಿದ್ದರೆ ನನಗಾಗದು ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಅವರಿಗೆ ಹುಟ್ಟಿನಿಂದಲೇ ಇರಲಿಲ್ಲ.

ಬೆಳಿಗ್ಗೆ ಎದ್ದು ಸಂಪಿನ ಮೋಟಾರು ಹಾಕಿದರು. ಉಪ್ಪಿಟ್ಟಿಗೆ ರವೆ ಹುರಿಯಲಿಟ್ಟರು. ಸಾಸಿವೆ ಹುಡುಕಿ ಬರುವಷ್ಟರಲ್ಲಿ ರವೆ ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಅದನ್ನು ಇಳಿಸುವ ಗಡಿಬಿಡಿಯಲ್ಲಿ ಮೋಟಾರು ಮರೆತುಹೋಯಿತು. ಅದು ಬರಿದಾದ ಸಂಪಿನಲ್ಲಿ ಮುದಿ ಎಮ್ಮೆಯಂತೆ ಒಮ್ಮೆ ನರಳಿ ನಿಂತಿತು.

"ನಾನು ಬರ್ಲೇನ್ರೀ?" ಎಂದರು ಒಳಗಿನಿಂದ ಪದ್ಮಮ್ಮ.

"ಏಳಬೇಡ! ಎದ್ರೆ ಆಣೆ!"

ಸೀದ ಬಾಣಲೆಯ ಮುಂದೆ ನಿಂತಾಗ ಮೇಷ್ಟ್ರಿಗೆ ತಮ್ಮ ಪಾಠವೇ ನೆನಪಾಯಿತು. ಎಲ್ಲರೂ ಎಲ್ಲವನ್ನೂ ಮಾಡಬಾರದು. ಯಾವ ಕೆಲಸಕ್ಕೆ ಕೂತರೆ ಕೈತಪ್ಪುವ ಬೇರೆ ಲಾಭ ಕಡಿಮೆಯೋ ಅದನ್ನು ಮಾಡಬೇಕು, ಮಿಕ್ಕದ್ದನ್ನು ಕೊಟ್ಟು ತಂದುಕೊಳ್ಳಬೇಕು. ಅಂಗಿ ತೊಟ್ಟು ಹೊರಟೇಬಿಟ್ಟರು.

ಬೀದಿ ಕೊನೆಯ ಹೋಟೆಲಿನ ಸಿದ್ದರಾಜು ಅವರ ಹಳೆಯ ಶಿಷ್ಯ. "ಮೂರು ಹೊತ್ತೂ ಊಟ ತಿಂಡಿ ಮನೆಗೆ ಕಳಿಸು ಸಿದ್ದರಾಜು. ನಿನ್ನ ಮಗನಿಗೆ ನಾನು ಅರ್ಥಶಾಸ್ತ್ರ ಹೇಳಿಕೊಡ್ತೀನಿ."

"ಅಯ್ಯಯ್ಯೋ ಬ್ಯಾಡಿ ಸಾ! ನಿಮ್ ಪಾಠ ಕೇಳೇ ನಾನು ಫೇಲಾಗಿ ಓಟ್ಲು ಮಡಗಿದ್ದು. ನನ್ ಮಗ ಸಯನ್ಸು ತಗಂಡವ್ನೆ, ಎಂಗೋ ಬದಿಕ್ಕೊಳ್ಲಿ ಬುಡಿ."

"ಹಾಗಾದ್ರೆ ದುಡ್ಡೇ ತಗೊ."

"ಪದ್ಮಮ್ಮೋರ ಮನೇಗೆ ಕಾಸು ಇಸ್ಕಂಡ್ರೆ ನಮ್ಮವ್ವ ಸುಮ್ಕಿದ್ದಾಳಾ? ಒಂದ್ ಕೆಲ್ಸ ಮಾಡಿ ಸಾ. ಅಮ್ಮೋರ ಹುಳಿಪುಡಿ ಒಂದ್ ಡಬ್ಬ ಕೊಟ್ಬುಡಿ. ಆ ಗಮಲು ನಮ್ ಸಾಂಬಾರ್ಗೆ ಜಪ್ಪಯ್ಯ ಅಂದ್ರೂ ಬತ್ತಾ ಇಲ್ಲ."

"ಒಂದೇನು, ಎರಡು ಕೊಡ್ತೀನಿ!"

ಮೋಟಾರು ನೋಡಲು ಪಕ್ಕದ ಮನೆಯ ಜಹಾಂಗೀರ್ ಬಂದ. ಶಮೀಮ್ ಬಾನು ಗಂಡ, ಒಳ್ಳೆಯ ಮೆಕ್ಯಾನಿಕ್ಕು. ಅವನೂ ದುಡ್ಡು ಮುಟ್ಟಲಿಲ್ಲ. ಕೈಗಂಟಿದ ಗ್ರೀಸು ಒರೆಸುತ್ತಾ, "ಅಮ್ಮೋರ ಪುಡಿ ನಮ್ಮನೇಲಿ ಮುಗ್ದೋಗಿದೆ ಸಾರ್. ಮೂರು ದಿನದಿಂದ ಸಾರು ಸಾರೇ ಅಲ್ಲ, ಬಣ್ಣದ ನೀರು. ಎರಡು ಡಬ್ಬ ಕೊಡಿ, ಸಾಕು" ಎಂದ. ಇಸ್ತ್ರಿ ಅಂಕಯ್ಯ ಬಟ್ಟೆ ಒಗೆದು, ಮನೆ ಗುಡಿಸಿ ಸಾರಿಸಿಕೊಟ್ಟ. ಅವನ ಹೆಂಡತಿಗೂ ಅದೇ ಪುಡಿ.

ಸಂಜೆಯ ಹೊತ್ತಿಗೆ ಮನೆ ಮದುವೆಮನೆಯಂತೆ ಥಳಥಳಿಸುತ್ತಿತ್ತು. ಪದ್ಮಮ್ಮ ಒಂದು ಲೋಟವನ್ನೂ ಎತ್ತಿರಲಿಲ್ಲ. ಮೇಷ್ಟ್ರು ಮೀಸೆ ಇಲ್ಲದ ಜಾಗದಲ್ಲಿ ಕೈಯಾಡಿಸುತ್ತಾ ಜಗಲಿಯಲ್ಲಿ ಕೂತರು.

"ಇಷ್ಟೆಲ್ಲ ಹೇಗೆ ಮಾಡಿಸಿದ್ರಿ?" ಎಂದರು ಪದ್ಮಮ್ಮ.

"ಎಲ್ಲಾ ನಿನ್ನ ಹುಳಿಪುಡಿ ಮಹಿಮೆ ಕಣೇ. ಎಲ್ರಿಗೂ ಮಾತು ಕೊಟ್ಟಿದೀನಿ. ಡಬ್ಬ ಎಲ್ಲಿಟ್ಟಿದೀಯ?"

"ಡಬ್ಬ ಖಾಲಿ."

"ಇರಲಿ, ನಾನೇ ಹುರೀತೀನಿ. ನೀನು ಕೂತು ಹದ ಹೇಳು."

ಪದ್ಮಮ್ಮ ಗಂಡನ ಮುಖ ನೋಡಿದರು. ನಗು ಬಂತು. ನಕ್ಕರು, ಪಟ್ಟಿ ಕಟ್ಟಿದ ಕೈಯೂ ಅಲುಗಾಡುವಷ್ಟು ನಕ್ಕರು.

"ನಂಗೆಲ್ಲಿ ಗೊತ್ತು ಹದ? ಇಷ್ಟು ವರ್ಷ ಆ ಪುಡಿ ಮಾಡ್ತಿರೋದು ಶಮೀಮು ಕಣ್ರೀ!"

ಅನಂತರಾಮು ಬಾಯಿ ತೆರೆದರು. ಮುಚ್ಚಲು ಮರೆತರು.

"ನಿಮ್ಮಮ್ಮನಿಗೆ ಪುಡಿ ಮಾಡೋ ಸೊಸೆ ಬೇಕಿತ್ತು. ಶಮೀಮು ಅತ್ತೆಗೆ ಉಪ್ಪಿನಕಾಯಿ ಹಾಕೋ ಸೊಸೆ ಬೇಕಿತ್ತು. ಅವಳು ಹುರಿದು ಕುಟ್ಟಿ ಹಿತ್ತಲಲ್ಲಿ ದಾಟಿಸೋಳು, ನಾನು ಉಪ್ಪಿನಕಾಯಿ ಜಾಡಿ ದಾಟಿಸ್ತಿದ್ದೆ. ಇಬ್ರಿಗೂ ಹೆಸರು ಬಂತು. ಅತ್ತೆಯರು ಹೋದ್ಮೇಲೂ ಹಾಗೇ ಉಳೀತು."

"ಅಂದ್ರೆ ಜಹಾಂಗೀರ್ ಕೇಳಿದ್ದು ಅವನ ಹೆಂಡ್ತಿ ಪುಡಿನೇ?"

"ನೀವು 'ಶಮೀಮ್ ಮನೆ ಉಪ್ಪಿನಕಾಯಿ ಮುಂದೆ ನಿಂದೇನು' ಅಂತ ಚಪ್ಪರಿಸ್ತೀರಲ್ಲ, ಹಂಗೇ."

"ನೀನೇ ಪುಡಿ ಕಲಿತುಕೊಳ್ಳಬಹುದಿತ್ತಲ್ಲೇ?"

"ಪುಡಿ ಹುರೀತಾ ಕೂತಿದ್ರೆ ಉಪ್ಪಿನಕಾಯಿ ಯಾರು ಹಾಕೋರು?"

ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದು ತಮ್ಮ ಹಿತ್ತಲಲ್ಲೇ ನಡೆಯುತ್ತಿತ್ತೆಂದು ಮೇಷ್ಟ್ರಿಗೆ ಆಗ ತಿಳಿಯಿತು.

ಶಮೀಮ್ ಬಾನು ಬಂದು ಎಲ್ಲ ಕೇಳಿ, ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಪುಡಿ ಮಾಡ್ಕೊಡ್ತೀನಿ ಮೇಷ್ಟ್ರೆ. ಆದ್ರೆ ನಂಗೂ ಉಪ್ಪಿನಕಾಯಿ ಬೇಕಲ್ಲ? ನಮ್ಮ ಮಗಳು ರುಮಾನಾ ಅತ್ತೆಮನೆಗೆ ಕಳಿಸ್ಬೇಕು. ಮಾವಿನಕಾಯಿ ತಂದಿಟ್ಟಿದೀನಿ. ಪದ್ಮಕ್ಕನ ಕೈಗೆ ಪಟ್ಟಿ. ಇನ್ಯಾರು ಹೆಚ್ಚೋರು?"

ಮೇಷ್ಟ್ರು ತಮ್ಮ ಎರಡು ಕೈಗಳನ್ನೂ ನೋಡಿಕೊಂಡರು.

"ಇನ್ನೊಂದು," ಎಂದಳು ಶಮೀಮ್, "ಇಷ್ಟೊಂದು ಪುಡಿ ಅಂದ್ರೆ ವಾರದ ಕೆಲ್ಸ. ಒಬ್ಳೇ ಕೂತು ಹುರಿಯಕ್ಕಾಗಲ್ಲಪ್ಪ. ಮಾತಿಗೆ ಪದ್ಮಕ್ಕ ಬೇಕು. ಮುಗಿಯೋವರ್ಗೂ ನಮ್ಮನೇಲೇ ಇರ್ಲಿ. ಬೆನ್ನಿಗೆ ದಿಂಬಿಡ್ತೀನಿ, ಚೆನ್ನಾಗಿ ನೋಡ್ಕೋತೀನಿ."

ಮೇಷ್ಟ್ರು ಬೇಡವೆನ್ನುವಷ್ಟರಲ್ಲಿ ಇಬ್ಬರೂ ಹೆಂಗಸರು ಸುದ್ದಿ ಸುಲಿಯುತ್ತಾ ಹೊರಟೂ ಬಿಟ್ಟರು. ಪದ್ಮಮ್ಮ ಬಾಗಿಲಲ್ಲಿ ತಿರುಗಿ, "ಹೋಳು ತೀರಾ ಸಣ್ಣ ಮಾಡ್ಬೇಡಿ. ಊಟ ಮಾಡಿ," ಎಂದರು.

ದೀಪದಡಿ, ಮಾವಿನಕಾಯಿಯ ಕುಕ್ಕೆಯ ಮುಂದೆ ಈಳಿಗೆಮಣೆ ಹಾಕಿಕೊಂಡು ಕೂತಿದ್ದಾಗ ಫೋನು ಬಂತು.

"ಹೇಗಾಯ್ತು ಭಾವ? ಅಕ್ಕ ಎಲ್ಲಿ?"

"ಇಲ್ಲಮ್ಮ... ಪಕ್ಕದ ಮನೆಯೋರು ಕರ್ಕೊಂಡು ಹೋದ್ರು. ಒಂದು ವಾರ."

ತಂಗಿ ಗೊಳ್ಳೆಂದು ನಕ್ಕಳು. ನಗು ನಿಂತ ಮೇಲೆ ನಿಟ್ಟುಸಿರಿಟ್ಟಳು.

"ಅಯ್ಯೋ, ನೆನ್ನೆ ನನ್ನ ಮಾತು ಪೂರ್ತಿ ಮುಗಿಸೋಕೆ ಬಿಟ್ಟಿದ್ರೆ! ಅವಳೊಬ್ಳನ್ನೇ ಕರೆದೆ ಅಂದ್ಕೊಂಡ್ರಾ? ನಿಮ್ಮಿಬ್ರಿಗೂ ಅಂತ ಮಹಡಿ ರೂಮು ಗುಡಿಸಿಟ್ಟಿದ್ದೆ. ನೀವು ಬೇಡ ಅಂದ್ರಲ್ಲ, ಇವತ್ತು ಮಧ್ಯಾಹ್ನ ನಮ್ಮ ಮಾವನ ಕಡೆಯೋರು ಬಂದು ಇಳ್ಕೊಂಡ್ರು."

ಅನಂತರಾಮು ಇನ್ನೊಂದು ಕಾಯಿ ಎತ್ತಿಕೊಂಡರು.